ಸಲಹೆ ಅಂತ ಬೋರ್ಡು, ಮಾರೋದು ಸಹಿ: ಸರಕಾರಿ ಕನ್ಸಲ್ಟನ್ಸಿ ಒಳಗ ಏನ್ ನಡೀತೈತಿ

ನಮ್ಮ ಹುಬ್ಬಳ್ಳಿ ಕಡೆ ಯಾರಿಗರ "ನಾನು ಕನ್ಸಲ್ಟನ್ಸಿಯೊಳಗ ಅದೀನಿ, ಸರಕಾರಿ ಪ್ರಾಜೆಕ್ಟ್" ಅಂದ್ರ ಮೊದಲ್ನೇ ಪ್ರಶ್ನಿ ಬರೋದು ಅದು ಗೌರ್ಮೆಂಟ್ ನೌಕರಿನೋ ಪ್ರೈವೇಟೋ ಅಂತ. ಹೆಣ್ಣು ಕೊಡೋವ್ರಂತೂ ಅದನ್ನ ಬಿಟ್ಟು ಬ್ಯಾರೆ ಏನೂ ಕೇಳೂದಿಲ್ಲ. ಉತ್ರ ಏನ್ ಹೇಳ್ಬೇಕು ಅಂತ ನಮಗೂ ಸರಿಯಾಗಿ ತಿಳಿಯೂದಿಲ್ಲ ಬಿಡ್ರಿ, ಯಾಕಂದ್ರ ಕುಂದ್ರೋದು ಕಾರ್ಪೊರೇಷನ್ ಬಿಲ್ಡಿಂಗಿನಾಗ, ಓಡಾಡೋ ಗಾಡಿ ಮ್ಯಾಲೆ ಯೋಜನೆ ಹೆಸರಿನ ಸ್ಟಿಕ್ಕರ್, ಕಮಿಷನರ್ ಮೀಟಿಂಗಿಗೆ ನಾವ ಪಿಪಿಟಿ ಹಾಕೋದು, ಹಳ್ಳಿಗೆ ಹೋದ್ರ ಜನ "ಸರಕಾರದವ್ರು ಬಂದಾರ" ಅಂತ ಕುರ್ಚಿ ತಂದ ಹಾಕ್ತಾರ, ಆದ್ರ ಪಗಾರ ಬರೋದು ಬೆಂಗಳೂರಿಂದೋ ಗುರಗಾಂವದ್ದೋ ಒಂದ್ ಕಂಪನಿಯಿಂದ, ಪಿಂಚಣಿ ಇಲ್ಲ, ಕಾಂಟ್ರ್ಯಾಕ್ಟ್ ಮುಗಿದ ದಿನ ಕುರ್ಚಿನೂ ಇಲ್ಲ.

ಈಗೀಗ ಇಲ್ಲೇ ಇಂಜಿನಿಯರಿಂಗ್ ಮುಗಿಸಿದ ಹುಡುಗ್ರು, ಎಂಎಸ್‌ಡಬ್ಲ್ಯೂ ಮಾಡಿದವ್ರು, ಭಾಳ ಮಂದಿ ಈ ಲೈನಿಗೆ ಬರಾಕತ್ತಾರ, ಒಳಗ ಏನೈತಿ ಅಂತ ಗೊತ್ತಿಲ್ದ. ಅವರಿಗಂತ ಬರ್ಯಾಕತ್ತೀನಿ. ಮತ್ತ ಊರಾಗ ರೋಡ್ ಅಗದಾಗೆಲ್ಲ ಯಾರನ್ನ ಬೈಬೇಕು ಅಂತ ಗೊತ್ತಾಗ್ದವ್ರಿಗೂ ಉಪಯೋಗ ಆಗಬಹುದು.

ಮೊದಲು, ಸರಕಾರಕ್ಕ ತನ್ನ ಕಡೆನ ಇಷ್ಟೊಂದು ಇಂಜಿನಿಯರು ಇರುವಾಗ ಹೊರಗಿನವ್ರು ಯಾಕ ಬೇಕು? ಒಂದನೇದು, ಇಷ್ಟೊಂದು ಇಂಜಿನಿಯರು ಇಲ್ಲ. ಜೂನಿಯರ್ ಇಂಜಿನಿಯರ್ ಪೋಸ್ಟ್ ಖಾಲಿ, ಇದ್ದವ್ರಿಗೆ ಎರಡು ಮೂರು ಕಡೆ ಇನ್‌ಚಾರ್ಜ್, ಮ್ಯಾಲೆ ಎಲೆಕ್ಷನ್ ಡ್ಯೂಟಿ ಬ್ಯಾರೆ. ಎರಡನೇದು, ರೊಕ್ಕ ಹೊರಗಿಂದ ಬಂದ್ರ ಅದರ ಜೊತಿಗೆ ಷರತ್ತೂ ಬರ್ತಾವು. ನಮ್ಮ ಊರಾಗ ಇದು ಹೊಸಾದಲ್ಲ. 2004ರಾಗ ವರ್ಲ್ಡ್ ಬ್ಯಾಂಕ್ ಸಾಲದ ಮ್ಯಾಲೆ ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಕಲಬುರಗಿ ಮೂರೂ ಊರಾಗ ಕೆಲವೊಂದು ವಾರ್ಡಿಗೆ 24 ತಾಸು ನೀರು ಕೊಟ್ಟು ತೋರ್ಸೋ ಯೋಜನೆ ಬಂತಲ್ಲ, ಅವಾಗಿಂದ ಈ ಊರಿಗೆ ಕನ್ಸಲ್ಟಂಟರ ಪರಿಚಯ ಐತಿ. ಸಾಲ ಕೊಡೋ ಬ್ಯಾಂಕಿಗೆ ಡಿಸೈನ್ ಯಾರ್ ನೋಡ್ತಾರ, ಸಾಮಾಜಿಕ ಪರಿಣಾಮ ಯಾರ್ ನೋಡ್ತಾರ, ಮನಿ ಅಂಗಡಿ ಕಳಕೊಂಡವ್ರ ಲೆಕ್ಕ ಯಾರ್ ಇಡ್ತಾರ ಎಲ್ಲಾ ಬರವಣಿಗಿಯೊಳಗ ಬೇಕು, ಇಲಾಖೆ ಕಡೆ ಅಷ್ಟ್ ಮಂದಿ ಇರೂದಿಲ್ಲ, ಹಂಗಾಗಿ ಹೊರಗಿಂದ ತರ್ತಾರ. ಚಿಗರಿ ಬಸ್ಸಿಗಂತ ಬ್ಯಾರೆ ದಾರಿ ಮಾಡಿದ ಬಿಆರ್‌ಟಿಎಸ್ ಕೂಡ ವರ್ಲ್ಡ್ ಬ್ಯಾಂಕ್ ಸಹಾಯದ್ದ, ಸುಮಾರು 22 ಕಿಲೋಮೀಟರಿನ ಆ ಕಾರಿಡಾರ್ 2020ರ ಫೆಬ್ರವರಿಯೊಳಗ ಅಧಿಕೃತವಾಗಿ ಉದ್ಘಾಟನೆ ಆಗೋ ಹೊತ್ತಿಗೆ ಅದರ ಹೆಸರಿನಾಗ ತಯಾರಾದ ರಿಪೋರ್ಟುಗಳನ್ನ ಒಂದರ ಮ್ಯಾಲೆ ಒಂದು ಇಟ್ರ ಒಂದ್ ಕಪಾಟು ತುಂಬ್ತಿತ್ತು.

ಆಮ್ಯಾಲೆ ಬಂತು ಸ್ಮಾರ್ಟ್ ಸಿಟಿ. 2015ರ ಜೂನ್‌ನಾಗ ಕೇಂದ್ರ ಮಿಷನ್ ಶುರು ಮಾಡ್ತು, 2016ರ ಸೆಪ್ಟೆಂಬರಿನ ಪಟ್ಟಿಯೊಳಗ ನಮ್ಮ ಹುಬ್ಬಳ್ಳಿ-ಧಾರವಾಡ ಬಂತು. ಲೆಕ್ಕ ಸರಳ, ಊರಿಗೆ ಕೇಂದ್ರದಿಂದ ಐದು ವರ್ಷಕ್ಕ 500 ಕೋಟಿ, ಅಷ್ಟ ರಾಜ್ಯದ್ದು. ಆದ್ರ ಆ ರೊಕ್ಕ ಸೀದಾ ಕಾರ್ಪೊರೇಷನ್ನಿಗೆ ಹೋಗ್ತಿರಲಿಲ್ಲ, ಅದಕ್ಕಂತ ಕಂಪನಿ ಕಾಯ್ದೆ ಕೆಳಗ ಬ್ಯಾರೆ ಕಂಪನಿ ಮಾಡ್ಬೇಕು ಅಂತ ಮಾರ್ಗಸೂಚಿಯೊಳಗ ಬರ್ದಿತ್ತು. ಹೊಸಾ ಕಂಪನಿ ಅಂದ್ರ ಎಂಡಿ ಇದ್ದಾರ, ಬೋರ್ಡ್ ಐತಿ, ಕೈಕಾಲು ಇಲ್ಲ. ಕೈಕಾಲೇ ಪಿಎಂಸಿ, ಅಂದ್ರ ಪ್ರಾಜೆಕ್ಟ್ ಮ್ಯಾನೇಜ್ಮೆಂಟ್ ಕನ್ಸಲ್ಟಂಟ್. ಇದಕ್ಕಂತ ಅದ ಮಾರ್ಗಸೂಚಿಯೊಳಗ ಆಡಳಿತ ವೆಚ್ಚ ಅಂತ 5 ಪರ್ಸೆಂಟ್ ತಗದಿಟ್ಟಿದ್ರು, ಪ್ಲಾನ್ ಬರ್ಸೋದಕ್ಕ, ಪಿಎಂಸಿ ಇಡೋದಕ್ಕ. ನಾನೂರೈವತ್ತು ಪುಟದ ಪ್ಲಾನು ಯಾರ್ ಬರೀತಾರ್ರೀ ಅಂತ ಕೇಳೋವ್ರಿಗೆ ಇದ ಉತ್ರ, ಬರ್ಯೋದಕ್ಕ ಮೊದಲ ರೊಕ್ಕ ಇಟ್ಟಿರ್ತಾರ. ಹಂಗ ಉಣಕಲ್ ನಾಲಾ ದಂಡಿ ಮ್ಯಾಲೆ ಸೈಕಲ್ ದಾರಿ ಮಾಡೋ ಗ್ರೀನ್ ಮೊಬಿಲಿಟಿ ಕಾರಿಡಾರ್ ಐತಲ್ಲ, ಅದು ಸಿಟೀಸ್ ಅನ್ನೋ ಕಾರ್ಯಕ್ರಮದಾಗ ದೇಶದಾಗ ಆಯ್ಕಿ ಆದ 12 ಯೋಜನೆಯೊಳಗ ಒಂದು, ಫ್ರೆಂಚ್ ಅಭಿವೃದ್ಧಿ ಸಂಸ್ಥೆ ಸಾಲ ಇರೋದು. ಅದಕ್ಕಂತೂ ನಾಲಾದಾಗಿನ ನೀರಿಗಿಂತ ಡಾಕ್ಯುಮೆಂಟೇಶನ್ ಜಾಸ್ತಿ.

ಕೆಲಸದೊಳಗ ಜಾತಿ ಭಾಳ ಅದಾವು. ಡಿಪಿಆರ್, ಅಂದ್ರ ಯೋಜನೆಯ ವಿವರವಾದ ರಿಪೋರ್ಟ್, ಮಾಡೋವ್ರು ಬ್ಯಾರೆ, ಕೆಲಸ ನಡಿಯೋವಾಗ ಉಸ್ತುವಾರಿ ನೋಡೋ ಪಿಎಂಸಿ ಬ್ಯಾರೆ, ಬರೇ ಗುಣಮಟ್ಟ ತಪಾಸಣೆ ಮಾಡಿ ಹೋಗೋ ಥರ್ಡ್ ಪಾರ್ಟಿ ಬ್ಯಾರೆ, ಇಲಾಖೆ ಒಳಗ ಕುಂತು ಡ್ಯಾಶ್‌ಬೋರ್ಡ್ ತುಂಬೋ ಪಿಎಂಯು (ಪ್ರಾಜೆಕ್ಟ್ ಮ್ಯಾನೇಜ್ಮೆಂಟ್ ಯೂನಿಟ್) ಹುಡುಗ್ರು ಬ್ಯಾರೆ, ಹಳ್ಳಿ ವಾರ್ಡು ಸುತ್ತಿ ಜನರ ಮೀಟಿಂಗ್ ಮಾಡೋ ಸೋಶಿಯಲ್ ಟೀಮ್ ಬ್ಯಾರೆ. ಕಂಪನಿಗಳೂ ಹಂಗ, ದೊಡ್ಡ ಅಕೌಂಟಿಂಗ್ ಫರ್ಮುಗಳು ಒಂದ್ ಕಡೆ, ವಾಪ್ಕೋಸ್ ರೈಟ್ಸ್ ಥರದ ಸರಕಾರಿ ಕಂಪನಿಗಳು ಒಂದ್ ಕಡೆ, ಕೆಳಗ ಊರೂರಿನ ಸಣ್ಣ ಫರ್ಮುಗಳು, ಇಂಜಿನಿಯರಿಂಗ್ ಕಾಲೇಜಿನ ಸಿವಿಲ್ ಡಿಪಾರ್ಟ್ಮೆಂಟುಗಳೂ ತಪಾಸಣೆ ಕೆಲಸ ತಗೋತಾವು. ದೊಡ್ಡವ್ರು ಟೆಂಡರ್ ಗೆಲ್ತಾರ, ಸಣ್ಣವ್ರು ಸಬ್ ತಗೊಂಡು ಕೆಲಸ ಮಾಡ್ತಾರ. ನಿಮ್ಮ ಆಫರ್ ಲೆಟರ್ ಮ್ಯಾಲಿನ ಹೆಸರಿಗೂ ಟೆಂಡರ್ ಗೆದ್ದವ್ರ ಹೆಸರಿಗೂ ಸಂಬಂಧ ಇಲ್ದ ಇರಬಹುದು, ಅದಕ್ಕ ಹೆದ್ರಬ್ಯಾಡ್ರಿ, ಆದ್ರ ಕೇಳಿ ತಿಳ್ಕೋರಿ.

ಟೆಂಡರ್ ಹೆಂಗ ಗೆಲ್ತಾರ ಅನ್ನೋದು ತಿಳದ್ರ ಉಳದದ್ದು ಅರ್ಧ ತಿಳಿದಂಗ, ಅದಕ್ಕ ಇಲ್ಲಿ ಸ್ವಲ್ಪ ಕುಂದ್ರೂಣು. ನಮ್ಮ ರಾಜ್ಯದಾಗ ಸರಕಾರಿ ಖರೀದಿಗೆ 1999ರ ಕೆಟಿಪಿಪಿ ಕಾಯ್ದೆ ಐತಿ, ಸಿಮೆಂಟು ಕುರ್ಚಿ ರೋಡು ಎಲ್ಲಾ ಕಡಿಮಿ ರೇಟ್ ಹಾಕಿದವ್ರಿಗೆ, ಅಂದ್ರ ಎಲ್-1ಗೆ. ಆದ್ರ ಬುದ್ಧಿ ಕೆಲಸ ಬರೇ ಕಡಿಮಿ ರೇಟಿಗೆ ಕೊಟ್ರ ಹಾಳಾಗ್ತೈತಿ ಅಂತ ಕನ್ಸಲ್ಟನ್ಸಿಗೆ ಕ್ಯೂಸಿಬಿಎಸ್ ಅನ್ನೋ ಪದ್ಧತಿ ಜಾಸ್ತಿ, ಗುಣಕ್ಕ ಇಷ್ಟು ಮಾರ್ಕ್ಸು, ರೇಟಿಗೆ ಇಷ್ಟು ಮಾರ್ಕ್ಸು, ಎರಡೂ ಕೂಡ್ಸಿ ಯಾರ್ ಮ್ಯಾಲೆ ಬರ್ತಾರೋ ಅವರಿಗೆ. ಉದಾಹರಣೆಗೆ ಒಂದು ಕಂಪನಿ ಟೆಕ್ನಿಕಲ್‌ನಾಗ 90 ತಗೊಂಡು 1 ಕೋಟಿ 20 ಲಕ್ಷ ಹಾಕ್ತು ಅನ್ರಿ, ಇನ್ನೊಂದು 80 ತಗೊಂಡು 90 ಲಕ್ಷ ಹಾಕ್ತು. ಕಡಿಮಿ ರೇಟಿನವ್ರಿಗೆ ಫೈನಾನ್ಶಿಯಲ್‌ನಾಗ ಪೂರಾ 100, ಮೊದಲ್ನೇವ್ರಿಗೆ 90 ಭಾಗಿಸು 120, ಅಂದ್ರ 75. ಗುಣಕ್ಕ 70 ರೇಟಿಗೆ 30 ಅಂತ ತೂಕ ಇದ್ರ ಮೊದಲ್ನೇವ್ರದು 63 ಮತ್ತ 22.5, ಒಟ್ಟು 85.5. ಎರಡನೇವ್ರದು 56 ಮತ್ತ 30, ಒಟ್ಟು 86. ಹತ್ತು ಮಾರ್ಕ್ಸು ಕಡಿಮಿ ಇದ್ದವ ಅರ್ಧ ಮಾರ್ಕಿನಾಗ ಗೆದ್ದ. ಅದ ತೂಕ 80-20 ಇದ್ದಿದ್ರ? 87 ಮತ್ತ 84, ಮೊದಲ್ನೇವ ಗೆಲ್ತಿದ್ದ. ಕೇಂದ್ರದ 2017ರ ಹಣಕಾಸು ನಿಯಮದಾಗ ಗುಣಕ್ಕ 80ಕ್ಕಿಂತ ಜಾಸ್ತಿ ತೂಕ ಕೊಡಂಗಿಲ್ಲ ಅಂತ ಐತಿ. ಹಂಗಾಗಿ ಆರ್‌ಎಫ್‌ಪಿ, ಅಂದ್ರ ಟೆಂಡರ್ ಕರಿಯೋ ದಸ್ತಾವೇಜು, ಬರ್ಯೋವಾಗ ಆ ಎರಡು ಅಂಕಿ ಏನ್ ಹಾಕ್ತಾರ ಅನ್ನೋದರ ಮ್ಯಾಲೆ ಯಾರ್ ಬರ್ತಾರ ಅನ್ನೋದು ಎಷ್ಟೋ ಸಲ ನಿಂತಿರ್ತೈತಿ, ಅದಕ್ಕ ಟೆಂಡರ್ ಹಾಕೋ ಮುಂಚಿನ ಪ್ರೀ-ಬಿಡ್ ಮೀಟಿಂಗಿನಾಗ ಎಲ್ರೂ ಜಗಳಾಡೋದು ಇದರ ಮ್ಯಾಲೇ.

ಇನ್ನ ಆ ಟೆಕ್ನಿಕಲ್ ಮಾರ್ಕ್ಸ್ ಎಲ್ಲಿಂದ ಬರ್ತಾವು? ಕಂಪನಿ ಹಳೇ ಅನುಭವಕ್ಕ ಸ್ವಲ್ಪ, ಅಪ್ರೋಚ್ ಅಂತ ಬರ್ದಿದ್ದಕ್ಕ ಸ್ವಲ್ಪ, ಭಾಳಷ್ಟು ಬರೋದು ಸಿವಿಗಳಿಂದ. ಟೀಮ್ ಲೀಡರ್‌ಗೆ ಹದಿನೈದು ಇಪ್ಪತ್ತು ವರ್ಷದ ಅನುಭವ ಬೇಕು, ಪರಿಸರ ತಜ್ಞ ಬೇಕು, ಪೈಪ್‌ಲೈನ್ ಡಿಸೈನ್ ತಜ್ಞ ಬೇಕು. ಹಂಗಾಗಿ ಬಿಡ್‌ನಾಗ ಭಾರಿ ಭಾರಿ ಸಿವಿ ಇರ್ತಾವು. ಟೆಂಡರ್ ಬಂದ ಮ್ಯಾಲೆ ಎರಡು ತಿಂಗಳಿಗೆ ಒಂದ್ ಪತ್ರ ಹೋಗ್ತೈತಿ, "ವೈಯಕ್ತಿಕ ಕಾರಣದಿಂದ ಸದರಿ ತಜ್ಞರು ಲಭ್ಯವಿಲ್ಲ, ಸಮಾನ ಅರ್ಹತೆಯ ಬದಲಿ ತಜ್ಞರನ್ನು ಒದಗಿಸಲಾಗುವುದು" ಅಂತ. ಈ ಬದಲಿ ಹೆಸರಿನಾಗ ಒಳಗ ಬರೋವ್ರೇ ನೀವು ನಾವು. ಕೆಲವು ಟೆಂಡರಿನಾಗ ಬದಲಾವಣೆಗೆ ದಂಡ ಇರ್ತೈತಿ, ಕೆಲವರಾಗ ಇರೂದಿಲ್ಲ, ಇದ್ರೂ ಹಾಕೋವ್ರು ಕಡಿಮಿ. ಒಂದ್ ನಿಯಮ ಮಾತ್ರ ನನಗ ಛಲೋ ಅನ್ನಸ್ತೈತಿ, ಡಿಪಿಆರ್ ಮಾಡಿದ ಕಂಪನಿ ಅದ ಕೆಲಸದ ಕಾಂಟ್ರ್ಯಾಕ್ಟ್ ಹಿಡಿಯಂಗಿಲ್ಲ ಅನ್ನೋ ಹಿತಾಸಕ್ತಿ ಷರತ್ತು. ಅದೂ ಇಲ್ದಿದ್ರ ನೋಡೋದ ಬ್ಯಾಡ.

ಈಗ ಡಿಪಿಆರ್. ನಮ್ಮ ಕಡೆ ನರಗುಂದ ನವಲಗುಂದದ ರೈತ್ರಿಗೆ ಇದನ್ನ ಬಿಡಿಸಿ ಹೇಳೋ ಕಾರಣ ಇಲ್ಲ, ಕಳಸಾ-ಬಂಡೂರಿ ನೀರಿಗಂತ ಅವರು ವರ್ಷಗಟ್ಟಲೆ ಧರಣಿ ಕುಂತಿದ್ದಾರ. ಮಹದಾಯಿ ನ್ಯಾಯಾಧಿಕರಣ ತೀರ್ಪು ಕೊಟ್ಟಿದ್ದು 2018ರ ಆಗಸ್ಟಿನಾಗ, ಪರಿಷ್ಕೃತ ಡಿಪಿಆರ್‌ಗೆ ಕೇಂದ್ರ ಜಲ ಆಯೋಗ ಒಪ್ಪಿಗಿ ಕೊಟ್ಟಿದ್ದು 2022ರ ಡಿಸೆಂಬರ್ ಕೊನಿಗೆ, ಅದಾದಮ್ಯಾಲೂ ಅರಣ್ಯ ವನ್ಯಜೀವಿ ಒಪ್ಪಿಗಿ ಅಂತ ಕಾಗದ ಓಡಾಡೋದು ನಿಲ್ಲಲಿಲ್ಲ. ಡಿಪಿಆರ್ ಅಂದ್ರ ಏನ್ ಕಟ್ಟಬೇಕು, ಎಲ್ಲಿ ಕಟ್ಟಬೇಕು, ಎಷ್ಟು ಖರ್ಚು, ಎಷ್ಟ್ ಮಂದಿಗೆ ಉಪಯೋಗ, ಯಾರ್ಯಾರ ಜಮೀನು ಹೋಗ್ತೈತಿ ಅಂತ ಎಲ್ಲಾ ಇರೋ ದಸ್ತಾವೇಜು, ಇದಿಲ್ದ ಒಂದ್ ರೂಪಾಯಿನೂ ಬಿಡುಗಡಿ ಆಗೂದಿಲ್ಲ.

ಇಷ್ಟು ಮಹತ್ವದ ದಸ್ತಾವೇಜು ತಯಾರಾಗೋದು ಹೆಂಗ ಅಂದ್ರ, ಖರೇ ಹೇಳ್ಬೇಕಂದ್ರ, ಎಷ್ಟೋ ಸಲ ಹಿಂದಿನ ಡಿಪಿಆರ್ ಫೈಲ್ ತಗದು ಸೇವ್ ಆ್ಯಸ್ ಹೊಡದು. ನಮ್ಮ ಧಾರವಾಡ ಜಿಲ್ಲೆಯೊಳಗ ಇದು ಭಾಳ ಹೊಡ್ತಾ ಹೊಡೀತೈತಿ, ಯಾಕಂದ್ರ ಇಲ್ಲಿ ಒಂದ ಜಿಲ್ಲೆಯೊಳಗ ಎರಡು ದೇಶ ಅದಾವು. ಅಳ್ನಾವರ ಕಲಘಟಗಿ ಕಡೆ ಹೋದ್ರ ಕೆಂಪು ಮಣ್ಣು, ಮಳಿ ಜಾಸ್ತಿ, ಮಲೆನಾಡಿನ ಸೆರಗು. ಅಣ್ಣಿಗೇರಿ ನವಲಗುಂದದ ಕಡೆ ಹೋದ್ರ ಎರಿ ಭೂಮಿ. ಎರಿ ಮಣ್ಣು ಮಳಿಗಾಲದಾಗ ನೀರು ಕುಡದು ಉಬ್ತೈತಿ, ಬ್ಯಾಸಿಗಿಗೆ ಕೈ ಹೋಗೋವಷ್ಟು ಬಿರಕು ಬಿಡ್ತೈತಿ. ಭಾರ ತಡಿಯೋ ಶಕ್ತಿ ಅಳಿಯೋ ಸಿಬಿಆರ್ ಟೆಸ್ಟ್ ಮಾಡಿದ್ರ ನೆನದ ಎರಿ ಮಣ್ಣಿಗೆ ಎರಡು ಮೂರು ಬಂದ್ರ ಬಂತು. ಅದರ ಮ್ಯಾಲೆ ರೋಡ್ ಹಾಕ್ಬೇಕಂದ್ರ ಮಣ್ಣು ಬದಲಿ ಮಾಡ್ಬೇಕು ಇಲ್ಲಾ ಸುಣ್ಣ ಬೆರಸಿ ಗಟ್ಟಿ ಮಾಡ್ಬೇಕು, ಮ್ಯಾಲೆ ಮುರಮು ದಪ್ಪ ಹಾಕ್ಬೇಕು, ಪೈಪ್ ಹಾಕೋದಾದ್ರ ಕೆಳಗ ಉಸುಕಿನ ಹಾಸಿಗಿ ಬೇಕು, ಇಲ್ಲಾಂದ್ರ ಮಣ್ಣು ಅಲುಗಾಡಿದಂಗ ಜಾಯಿಂಟ್ ಬಿಚ್ಚಿಕೋತಾವು. ಇದು ನಮ್ಮ ಕಡೆ ಮನಿ ಕಟ್ಟೋ ಮೇಸ್ತ್ರಿಗೂ ಗೊತ್ತು. ಆದ್ರ ಏಸಿ ರೂಮಿನಾಗ ಕುಂತು ತಯಾರ್ ಮಾಡಿದ ಒಂದ್ ರಿಪೋರ್ಟಿನಾಗ ಎರಿ ಭೂಮಿ ಊರಿಗೆ "ಲ್ಯಾಟರೈಟ್ ಮಿಶ್ರಿತ ಗಟ್ಟಿ ಮಣ್ಣು" ಅಂತ ಬರ್ದಿದ್ದನ್ನ ನಾನ ನೋಡೀನಿ, ಅದರ ಮುಂದಿನ ಪುಟದಾಗ ಕರಾವಳಿಯ ಒಂದ್ ತಾಲೂಕಿನ ಹೆಸರು ಹಂಗ ಉಳ್ಕೊಂಡಿತ್ತು. ಯಾವ ಕಂಪನಿ ಅಂತ ಕೇಳಬ್ಯಾಡ್ರಿ. ಮಣ್ಣು ತಪ್ಪಾದ್ರ ಎಸ್ಟಿಮೇಟ್ ತಪ್ಪು, ಎಸ್ಟಿಮೇಟ್ ತಪ್ಪಾದ್ರ ಕೆಲಸದ ನಡುವ ಎಸ್ಟಿಮೇಟಿನಾಗ ಇಲ್ಲದ ಎಕ್ಸ್‌ಟ್ರಾ ಐಟಂ, ಎಕ್ಸ್‌ಟ್ರಾ ಐಟಂ ಅಂದ್ರ ಮತ್ತ ಒಪ್ಪಿಗಿ, ಅದಕ್ಕಂತ ಆರು ತಿಂಗ್ಳು ಅಗದ ರೋಡ್ ಹಂಗ ಬಿದ್ದಿರೋದು. ನಿಮ್ಮ ಓಣಿಯೊಳಗ ಕೆಲಸ ನಡುವ ನಿಂತಿದ್ರ ಕಾಂಟ್ರ್ಯಾಕ್ಟರ್‌ನ ಬೈಯೋ ಮುಂದ ಒಂದ್ ಸಲ ಡಿಪಿಆರ್ ಬರ್ದವ್ರನ್ನೂ ನೆನಸ್ರಿ.

ಸೈಟಿನ ಕೆಲಸಕ್ಕ ಬಂದ್ರ, ನನ್ನ ಮಟ್ಟಿಗೆ ಇದ ಈ ನೌಕರಿಯ ಛಲೋ ಭಾಗ. ಥರ್ಡ್ ಪಾರ್ಟಿ ಇಂಜಿನಿಯರ್ ಮುಂಜಾನೆ ಎದ್ದು ಬೈಕ್ ತಗೊಂಡು ಗದಗ ರೋಡೋ ಸವದತ್ತಿ ರೋಡೋ ಹಿಡದು ಹೋಗಿ ಕಾಂಕ್ರೀಟ್ ಹಾಕೋವಾಗ ಎದುರಿಗೆ ನಿಂದ್ರಬೇಕು. ಕ್ಯೂಬ್ ಟೆಸ್ಟ್ ಹೇಳ್ತೀನಿ, ಯಾಕಂದ್ರ ಇಡೀ ಗುಣಮಟ್ಟದ ನಾಟಕ ಇದರೊಳಗ ಕಾಣಸ್ತೈತಿ. 150 ಮಿಲಿಮೀಟರಿನ ಕಬ್ಬಿಣದ ಡಬ್ಬಿ, ಅದರಾಗ ಕಾಂಕ್ರೀಟ್ ಹಾಕಿ ಕುಟ್ಟಿ, ಮರುದಿನ ಬಿಚ್ಚಿ ನೀರಾಗ ಇಡ್ತಾರ, 7 ದಿನಕ್ಕ ಒಂದಿಷ್ಟು 28 ದಿನಕ್ಕ ಒಂದಿಷ್ಟು ಮಷೀನಿನಾಗ ಒಡೀತಾರ. ಎಂ20 ಅಂದ್ರ 28 ದಿನಕ್ಕ ಚದರ ಮಿಲಿಮೀಟರಿಗೆ 20 ನ್ಯೂಟನ್ ತಡೀಬೇಕು, ಆ ಕ್ಯೂಬಿನ ಮುಖಕ್ಕ ಲೆಕ್ಕ ಹಾಕಿದ್ರ 450 ಕಿಲೋನ್ಯೂಟನ್, ಅಂದ್ರ ಹೆಚ್ಚೂ ಕಡಿಮಿ 45 ಟನ್ ಭಾರ. 7 ದಿನಕ್ಕ ಅದರ ಮೂರರಾಗ ಎರಡು ಭಾಗ ಬರಬೇಕು. ಕಾಗದದ ಮ್ಯಾಲೆ ಎಲ್ಲಾ ಕ್ಯೂಬೂ ಪಾಸ್ ಆಗ್ತಾವು. ಹೆಂಗ? ಕ್ಯೂಬಿನ ಮಾಲ ಬ್ಯಾರೆ, ರೋಡಿನ ಮಾಲ ಬ್ಯಾರೆ. ಇಂಜಿನಿಯರ್ ಬರೋ ಮುಂದ ಸಿಮೆಂಟ್ ಜಾಸ್ತಿ ಹಾಕಿದ ಒಂದ್ ಬುಟ್ಟಿ ಕಲಸಿ ಕ್ಯೂಬ್ ತುಂಬಿ ಇಟ್ಟಿರ್ತಾರ, ನೀವು ಬಂದ ಮ್ಯಾಲೆ ಟೀ ತರಸ್ತಾರ. ಅದಕ್ಕ ಕೆಲಸ ಗೊತ್ತಿದ್ದವ ಟೀ ಆಮ್ಯಾಲೆ ಅಂತ ಮಿಕ್ಸರ್ ಬಾಯಿಂದ ತಾನ ಮಾಲ ಹಿಡದು, ಹಸಿ ಇದ್ದಾಗ ಮೊಳಿಯಿಂದ ಕ್ಯೂಬಿನ ಮ್ಯಾಲೆ ದಿನಾಂಕ, ತನ್ನ ಇನಿಶಿಯಲ್ ಕೊರದು ಫೋಟೋ ತಗೋತಾನ. ಇಷ್ಟ ಮಾಡಿದ್ರ ಸಾಕು, ಕಾಂಟ್ರ್ಯಾಕ್ಟರ್ ಕಡೆ ಜನ ನಿಮ್ಮ ಜೊತಿ ಮಾತಾಡೋ ರೀತಿನ ಬದಲಾಗ್ತೈತಿ. ಕೆಲವೊಮ್ಮೆ ಛಲೋದಕ್ಕ, ಕೆಲವೊಮ್ಮೆ ರಾತ್ರಿ ಎಮ್ಮೆಲ್ಲೆ ಕಡೆ ಹುಡುಗನ ಫೋನ್ ಬರ್ತೈತಿ.

ಜಲ ಜೀವನ್ ಮಿಷನ್ ಬಂದ ಮ್ಯಾಲಂತೂ ಗದಗ ಹಾವೇರಿ ಧಾರವಾಡ ಮೂರೂ ಜಿಲ್ಲೆಯೊಳಗ ಥರ್ಡ್ ಪಾರ್ಟಿ ಹುಡುಗ್ರಿಗೆ ಕೈತುಂಬ ಕೆಲಸ. 2019ರ ಆಗಸ್ಟ್ 15ಕ್ಕ ಘೋಷಣೆ ಆದ ಯೋಜನೆ, ಮನಿಗೊಂದು ನಳ, ಒಬ್ಬರಿಗೆ ದಿನಕ್ಕ 55 ಲೀಟರ್. ಥರ್ಡ್ ಪಾರ್ಟಿ ತಪಾಸಣೆ ಆಗ್ದ ಕಾಂಟ್ರ್ಯಾಕ್ಟರಿಗೆ ಬಿಲ್ ಕೊಡಬಾರ್ದು ಅಂತ ಮಾರ್ಗಸೂಚಿಯೊಳಗ ಐತಿ. ಈಗ ನಿಮ್ಮ ಕೈಯಾಗಿರೋ ಮೊಬೈಲ್ ಆ್ಯಪಿನಾಗ ಇರೋದು ನಳ ಐತೋ ಇಲ್ಲೋ, ಪೈಪ್ ಎಷ್ಟು ಆಳ ಹೂಳ್ಯಾರ, ಕಟ್ಟಿ ಕಟ್ಟ್ಯಾರೋ ಇಲ್ಲೋ. ರೋಣ ಕಡೆ ಒಂದ್ ಊರಾಗ ಒಬ್ಬಾಕಿ ಅಜ್ಜಿ ನಳದ ಮುಂದ ನಿಂತು "ಇದಕ್ಕ ಫೋಟೋ ಹೊಡಕೊಂಡ ಹೋಗವ್ರು ನೀವ ಎಷ್ಟನೇದವ್ರೋ ಏನೋ, ನೀರು ಮಾತ್ರ ಇನ್ನಾ ಬಂದಿಲ್ಲ" ಅಂದಳು. ನಳ ಐತಿ, ಟಿಕ್ ಹಾಕ್ಬೇಕು. ನೀರಿನ ಮೂಲ ಬ್ಯಾರೆ ಪ್ಯಾಕೇಜಿನಾಗ ಐತಿ, ಅದರ ಟೆಂಡರ್ ಬ್ಯಾರೆ, ಅದರ ತಪಾಸಣೆ ಬ್ಯಾರೆಯವ್ರದು. ಅಜ್ಜಿಗೆ ಇದನ್ನ ಹೆಂಗ ಹೇಳೋದು? ರಿಮಾರ್ಕ್ಸ್ ಅಂತ ಒಂದ್ ಸಣ್ಣ ಡಬ್ಬಿ ಇರ್ತೈತಿ, ಅದರಾಗ "ನೀರು ಪೂರೈಕೆ ಆರಂಭವಾಗಿಲ್ಲ" ಅಂತ ಬರದ ಬಂದ್ರ ಕೆಲಸ ಮುಗೀತು. ಆ ಡಬ್ಬಿ ಯಾರರ ಓದ್ತಾರೋ ಇಲ್ಲೋ, ನಾನಂತೂ ತಪ್ಪದ ಬರೀತಿದ್ದೆ.

ಆಫೀಸಿನ ಕಡೆ ಅಂದ್ರ ಪಿಎಂಯುದು ಬ್ಯಾರೆ ಲೋಕ. ಬೆಂಗಳೂರಿಂದ ಬರೋ ಸೀನಿಯರ್ ಇಂಗ್ಲಿಷ್ ರಿಪೋರ್ಟ್ ಬರೀತಾರ, ಫೈಲು ಮಾತ್ರ ಓಡೋದು ಕನ್ನಡದಾಗ. "ಸದರಿ ಪ್ರಸ್ತಾವನೆಯನ್ನು ಪರಿಶೀಲಿಸಿ ಅನುಮೋದನೆಗಾಗಿ ಮಂಡಿಸಿದೆ" ಅಂತ ಕೇಸ್ ವರ್ಕರ್ ಟಿಪ್ಪಣಿ ಬರ್ದು ಮ್ಯಾನೇಜರ್, ಎಇಇ, ಇಇ, ಅಕೌಂಟ್ಸ್, ಎಂಡಿ ಅಂತ ಒಂದೊಂದು ಟೇಬಲ್ ದಾಟಬೇಕು. ಆ ಟಿಪ್ಪಣಿನ ನೀಟಾಗಿ ಬರ್ದು ಕೊಡೋ ಹುಡುಗ ಇದ್ರ ಇಲಾಖೆ ಅವನ್ನ ಬಿಡೂದಿಲ್ಲ, ಕಂಪನಿನೂ ಬಿಡೂದಿಲ್ಲ. ನಮ್ಮ ಕಡೆ ಹುಡುಗ್ರಿಗೆ ಇದ ದೊಡ್ಡ ಅನುಕೂಲ, ಐಐಟಿಯಿಂದ ಬಂದವನ ಸ್ಲೈಡ್ ಎಷ್ಟ್ ಚಂದ ಇದ್ರೂ ಫೈಲ್ ಸರಿಸೋದು ಅವನ ಕೈಲೆ ಆಗೂದಿಲ್ಲ. ಮಾರ್ಚ್ ತಿಂಗಳಾಗ ಮಾತ್ರ ಇಬ್ರಿಗೂ ನಿದ್ದಿ ಇಲ್ಲ. ವರ್ಷಪೂರ್ತಿ ಮಲಗಿದ ಬಿಲ್ಲುಗಳು ಆ ತಿಂಗ್ಳು ಏಳ್ತಾವು, ಅನುದಾನ ವಾಪಸ್ ಹೋಗಬಾರ್ದು ಅಂತ ರೊಕ್ಕ ಖರ್ಚಾತು ಅನ್ನೋ ಉಪಯೋಗಿತಾ ಪ್ರಮಾಣಪತ್ರ ತಯಾರಾಗ್ತಾವು, ಮಾರ್ಚ್ 31ರ ರಾತ್ರಿ ಖಜಾನೆ ಸಾಫ್ಟ್‌ವೇರ್ ನಿಂತ್ರ ಕಾರಿಡಾರ್ ತುಂಬ ಕಾಂಟ್ರ್ಯಾಕ್ಟರ್‌ಗಳು ನಿಂತಿರ್ತಾರ.

ರೊಕ್ಕದ ಮಾತು ಬಂತಲ್ಲ, ನಮ್ಮ ಪಗಾರ ಯಾಕ ತಡಾ ಆಗ್ತೈತಿ ಅಂತನೂ ಹೇಳಿಬಿಡ್ತೀನಿ. ಕಂಪನಿಗೆ ಇಲಾಖೆ ಕೊಡೋದು ಎರಡು ಥರ, ತಿಂಗಳಿಗೆ ಇಂಥಾ ತಜ್ಞನಿಗೆ ಇಷ್ಟು ಅಂತ ಮ್ಯಾನ್-ಮಂತ್ ಲೆಕ್ಕದಾಗ, ಇಲ್ಲಾ ಶುರುವಿನ ಇನ್ಸೆಪ್ಷನ್ ರಿಪೋರ್ಟ್, ಡ್ರಾಫ್ಟ್, ಫೈನಲ್ ಅಂತ ಹಂತ ಹಂತದಾಗ. ಎರಡನೇದು ಸಣ್ಣ ಫರ್ಮಿಗೆ ಕುತ್ತಿಗಿಗೆ ಬರ್ತೈತಿ, ಯಾಕಂದ್ರ ಡ್ರಾಫ್ಟ್ ಕೊಟ್ಟು ನಾಲ್ಕು ತಿಂಗ್ಳಾದ್ರೂ ಕಾಮೆಂಟ್ಸ್ ಬರೂದಿಲ್ಲ, ಕಾಮೆಂಟ್ಸ್ ಬರ್ದ ಫೈನಲ್ ಆಗೂದಿಲ್ಲ, ಫೈನಲ್ ಆಗ್ದ ಬಿಲ್ ಇಲ್ಲ, ಅಷ್ಟರಾಗ ಆಫೀಸರ್ ಟ್ರಾನ್ಸ್‌ಫರ್, ಹೊಸಬ್ರು ಬಂದು "ಮೊದಲಿಂದ ಒಂದ್ ಪ್ರೆಸೆಂಟೇಶನ್ ಕೊಡ್ರಿ" ಅಂತಾರ. ಮ್ಯಾಲೆ ಜಿಎಸ್‌ಟಿ, 18 ಪರ್ಸೆಂಟ್ ಬೀಳೋ ಕೆಲಸ ಆದ್ರ ಟ್ಯಾಕ್ಸ್ ಇನ್‌ವಾಯ್ಸ್ ಹರದ್ರ ಮುಂದಿನ ತಿಂಗಳ ಸರಕಾರಕ್ಕ ಕಟ್ಟಬೇಕು, ಅದ ಸರಕಾರ ನಿಮಗ ರೊಕ್ಕ ಕೊಟ್ಟಿರ್ಲಿ ಬಿಡ್ಲಿ. ಅದಕ್ಕ ಎಲ್ರೂ ಮೊದಲು ಪ್ರೊಫಾರ್ಮಾ, ಅಂದ್ರ ಟ್ಯಾಕ್ಸ್ ಲೆಕ್ಕಕ್ಕ ಬರ್ದ ಕಚ್ಚಾ ಬಿಲ್, ಕೊಡ್ತಾರ, ಚೆಕ್ ಬರೋ ವಾಸ್ನಿ ಬಂದ ಮ್ಯಾಲೆ ಟ್ಯಾಕ್ಸ್ ಇನ್‌ವಾಯ್ಸ್. ಬರೋ ದುಡ್ಡಿನಾಗ ಟಿಡಿಎಸ್ ಹಿಡೀತಾರ, ಜಿಎಸ್‌ಟಿ ಟಿಡಿಎಸ್ 2 ಪರ್ಸೆಂಟ್ ಬ್ಯಾರೆ ಹಿಡೀತಾರ. ಸಣ್ಣ ಉದ್ದಿಮೆಗೆ 45 ದಿನದೊಳಗ ಬಾಕಿ ಕೊಡಬೇಕು ಅಂತ 2006ರ ಎಂಎಸ್‌ಎಂಇ ಕಾಯ್ದೆಯೊಳಗ ಐತಿ ನೋಡ್ರಿ, ಆದ್ರ ನಾಳೆ ಮತ್ತ ಅದ ಇಲಾಖೆ ಬಾಗಿಲಿಗೆ ಟೆಂಡರ್ ಹಾಕೋವ ಇವತ್ತು ಅವರ ಮ್ಯಾಲೆ ಕೇಸ್ ಹಾಕ್ತಾನೇನ್ರಿ? ಕೊನಿಗೆ ಈ ಎಲ್ಲಾ ತಡಾ ಉರುಳಿ ಬಂದು ನಿಂದ್ರೋದು ಸೈಟಿನಾಗಿನ ಹುಡುಗನ ಪಗಾರದ ಮ್ಯಾಲೆ, ಮತ್ತ ಅವನ ಪೆಟ್ರೋಲ್ ಬಿಲ್ ಮ್ಯಾಲೆ.

ಇಷ್ಟೆಲ್ಲಾ ನೋಡಿದ ಮ್ಯಾಲೆ ನನಗ ಅನ್ಸೋದು, ಸಲಹೆಗಾರ ಅಂತ ನಮ್ಮ ಐಡಿ ಕಾರ್ಡಿನ ಮ್ಯಾಲೆ ಇದ್ರೂ ಸಲಹೆ ಕೇಳೋವ್ರು ಭಾಳ ಕಡಿಮಿ. ಯಾವ ಕೆರಿ, ಯಾವ ರೋಡ್, ಯಾವ ವಾರ್ಡ್ ಮೊದಲು ಅನ್ನೋದೆಲ್ಲ ನಾವು ಬರೋದಕ್ಕಿಂತ ಮೊದಲ ಠರಾವ್ ಆಗಿರ್ತೈತಿ. ನಮ್ಮಿಂದ ಬೇಕಾಗಿರೋದು ಆ ತೀರ್ಮಾನದ ಕೆಳಗ ಹೊರಗಿನವ್ರದೊಂದು ಸಹಿ, ನಾಳೆ ಸಿಎಜಿ ಆಡಿಟ್ ಬಂದ್ರ, ಲೋಕಾಯುಕ್ತಕ್ಕ ದೂರು ಹೋದ್ರ, ಆರ್‌ಟಿಐ ಹಾಕಿದ್ರ "ತಜ್ಞ ಸಂಸ್ಥೆಯ ಶಿಫಾರಸಿನಂತೆ" ಅಂತ ಫೈಲಿನಾಗ ಒಂದ್ ಸಾಲು ಇರಬೇಕು. ಮದುವಿ ಮಾಡಿಸಿದ ಮಧ್ಯಸ್ಥನ ಬಾಳೇವು ನಮ್ಮದು, ಸಂಸಾರ ಛಲೋ ನಡದ್ರ ಯಾರಿಗೂ ನೆನಪಾಗೂದಿಲ್ಲ, ಜಗಳ ಬಂದ್ರ ಎರಡೂ ಮನಿಯವ್ರು ಹುಡುಕಿಕೊಂಡ್ ಬರ್ತಾರ. ಆಫೀಸರನ್ನ ಪೂರಾ ಬೈಯಾಕೂ ಮನಸ್ಸಿಲ್ಲ ನನಗ, ಎರಡು ವರ್ಷಕ್ಕ ಟ್ರಾನ್ಸ್‌ಫರ್ ಆಗಿ ಹೋದ ಮನುಷ್ಯಾಗ ಹತ್ತು ವರ್ಷದ ಮ್ಯಾಲೆ ಹಳೇ ಫೈಲಿಗೆ ನೋಟಿಸ್ ಬರ್ತೈತಿ, ಅಂಥವ ತನ್ನೊಬ್ಬನ ಸಹಿ ಮ್ಯಾಲೆ ಕೋಟಿಗಟ್ಟಲೆ ಬಿಡೋದಕ್ಕ ಹೆದ್ರೋದು ತಪ್ಪಲ್ಲ. ಆದ್ರ ಅವನ ಹೆದರಿಕಿನ ನಮ್ಮ ಮಾರ್ಕೆಟ್, ಇದನ್ನ ಕನ್ಸಲ್ಟನ್ಸಿಯವ್ರು ಯಾರೂ ಬಾಯಿಬಿಟ್ಟು ಹೇಳೂದಿಲ್ಲ.

ಹಂಗಂತ ಎಲ್ಲಾ ವೇಸ್ಟ್ ಅಂತ ತಿಳೀಬ್ಯಾಡ್ರಿ. 2008ರ ಸುಮಾರಿಗೆ ಮೊದಲು ಹೇಳಿದ ಆ 24 ತಾಸು ನೀರಿನ ಡೆಮೊ ವಾರ್ಡುಗಳಾಗ ರಾತ್ರಿ ಹಗಲಾ ನೀರು ಬಂದಾಗ, ಪಕ್ಕದ ಓಣಿಯೊಳಗ ವಾರಕ್ಕೊಮ್ಮೆ ನೀರಿಗೆ ಪಾಳಿ ಹಚ್ಚೋವ್ರು ಬಂದು ನಿಂತು ನೋಡ್ತಿದ್ರು. ಮನಿ ಮನಿಗೆ ಮೀಟರ್ ಹಾಕ್ಸೋದಕ್ಕ ಒಪ್ಪಿಸಿದ್ದು, ಬಿಲ್ ಯಾಕ ಕಟ್ಟಬೇಕು ಅಂತ ಹೆಣ್ಣುಮಕ್ಕಳ ಜೊತಿ ಕುಂತು ತಿಳಿ ಹೇಳಿದ್ದು, ಇದು ಇಲಾಖೆಯ ವಾಲ್ವ್‌ಮನ್ ಕೈಲೆ ಆಗೋ ಕೆಲಸ ಅಲ್ಲ. ಒಳ್ಳೆ ಡಿಸೈನರ್ ಕೈಗೆ ಸಿಕ್ಕ ಪೈಪ್‌ಲೈನಿನ ಪ್ರೆಷರ್ ಲೆಕ್ಕ, ಕೆಟ್ಟವನ ಕೈಗೆ ಸಿಕ್ಕಿದ್ದು, ಎರಡಕ್ಕೂ ವ್ಯತ್ಯಾಸ ಎತ್ತರದ ಮನಿಯ ನಳದಾಗ ಗೊತ್ತಾಗ್ತೈತಿ.

ಇನ್ನ ಆಫರ್ ಬಂದೈತಿ, ಸೇರ್ಲೋ ಬ್ಯಾಡೋ ಅನ್ನೋವ್ರಿಗೆ. ಪಗಾರ ಎಷ್ಟು ಅಂತ ಕೇಳೋಕ್ಕಿಂತ ಮೊದಲು ಈ ಕಾಂಟ್ರ್ಯಾಕ್ಟ್ ಎಲ್ಲಿತನಕ ಐತಿ ಅಂತ ಕೇಳ್ರಿ, ಸ್ಮಾರ್ಟ್ ಸಿಟಿ ಮಿಷನ್ 2025ರ ಮಾರ್ಚ್ 31ಕ್ಕ ಮುಗೀತು, ಅದರ ಕೊನೇ ವರ್ಷದಾಗ ಸೇರಿದವ್ರು ಮನಿ ಬಾಡಿಗಿ ಅಗ್ರಿಮೆಂಟ್ ಮುಗಿಯೋ ಮುಂದ ವಾಪಸ್ ಹೋದ್ರು. ನೀವು ಯಾರ ಬದಲಿಗೆ ಬರಾಕತ್ತೀರಿ, ಬಿಡ್‌ನಾಗಿದ್ದ ಹುದ್ದಿ ಯಾವುದು, ನಿಮಗ ಕೊಡೋ ಹುದ್ದಿ ಯಾವುದು ಕೇಳ್ರಿ. ಪೆಟ್ರೋಲ್ ಯಾರ್ ಕೊಡ್ತಾರ ಅದನ್ನ ಬರವಣಿಗಿಯೊಳಗ ತಗೋರಿ, ಧಾರವಾಡದಿಂದ ನವಲಗುಂದ ದಿನಾ ಓಡಾಡಿದ್ರ ಅದ ಅರ್ಧ ಪಗಾರ ತಿಂತೈತಿ. ಪಿಎಫ್ ಕಟ್ತಾರೋ ಇಲ್ಲಾ ನಿಮ್ಮನ್ನ "ಇಂಡಿವಿಜುವಲ್ ಕನ್ಸಲ್ಟಂಟ್" ಅಂತ ತೋರ್ಸಿ ಟಿಡಿಎಸ್ ಹಿಡದು ಕೈ ತೊಳ್ಕೋತಾರೋ ನೋಡ್ರಿ, ಎರಡನೇದಾದ್ರ ರಜಾ, ವಿಮೆ, ಏನೂ ಇರೂದಿಲ್ಲ.

ಸೇರಿದ ಮ್ಯಾಲೆ ಒಂದ್ ಕೆಲಸ ತಪ್ಪದ ಮಾಡ್ರಿ. ಸೈಟಿನಾಗ ಏನರ ಸರಿ ಇಲ್ಲಂದ್ರ ಫೋನಿನಾಗ ಹೇಳಿ ಸುಮ್ನಾಗಬ್ಯಾಡ್ರಿ, ವಾಟ್ಸ್ಆ್ಯಪ್ ಗ್ರೂಪಿನಾಗ ಹಾಕಿದ್ದೂ ಲೆಕ್ಕಕ್ಕಿಲ್ಲ, ಎರಡು ಸಾಲಿನ ಪತ್ರ ಬರ್ದು ಇಲಾಖೆಯ ಟಪಾಲಿನಾಗ ಕೊಟ್ಟು ಆಫೀಸ್ ಕಾಪಿ ಮ್ಯಾಲೆ ಇನ್‌ವರ್ಡ್ ಸೀಲು, ನಂಬರು, ದಿನಾಂಕ ಹಾಕಿಸ್ಕೊಂಡು ಸ್ಕ್ಯಾನ್ ಮಾಡಿ ಇಟ್ಕೋರಿ. ಕಂಪನಿ ಮೇಲ್‌ನಾಗ ಅಷ್ಟ ಅಲ್ಲ, ನಿಮ್ಮ ಹತ್ರನೂ ಒಂದು, ಯಾಕಂದ್ರ ಕಂಪನಿ ಬಿಟ್ಟ ದಿನ ಆ ಮೇಲ್ ಬಂದ್ ಆಗ್ತೈತಿ. ನನ್ನ ಜೊತಿಗಿದ್ದ ಒಬ್ಬ ಇಂಜಿನಿಯರ್ ಒಂದ್ ಡ್ರೈನ್ ಕೆಲಸದಾಗ ತಳದ ಬೆಡ್ ಕಾಂಕ್ರೀಟ್ ಹಾಕಿಲ್ಲ, ಬಿಲ್ ತಡೀರಿ ಅಂತ ಹಿಂಗ ಪತ್ರ ಕೊಟ್ಟಿದ್ದ, ಆಗ ಎಲ್ರೂ "ಯಾಕೋ ತಮ್ಮಾ, ಇಷ್ಟಕ್ಕೆಲ್ಲಾ ಪತ್ರ ಯಾಕ" ಅಂತ ನಕ್ಕಿದ್ರು, ಬಿಲ್ಲೂ ಪಾಸ್ ಆತು. ಅವ ಆ ಕಂಪನಿ ಬಿಟ್ಟು, ಮತ್ತೊಂದು ಸೇರಿ, ಅದನ್ನೂ ಬಿಟ್ಟ ಮ್ಯಾಲೆ ಆಡಿಟ್‌ನವ್ರು ಆ ಡ್ರೈನ್ ಫೈಲ್ ತಗದು ತಪಾಸಣೆ ಮಾಡಿದ ಎಲ್ರಿಗೂ ವಿವರಣೆ ಕೇಳಿದ್ರು, ಅವ ಆ ಸೀಲ್ ಬಿದ್ದ ಒಂದ್ ಪುಟ ಕಳಿಸಿದ, ಅವನ ಹೆಸರು ಪಟ್ಟಿಯಿಂದ ಹೋತು. ನಕ್ಕವ್ರದ್ದು ಇನ್ನಾ ನಡದೈತಿ.